ಕ್ಯಾಲೆಂಡರ್‌ಗೆ ಬೀಗ ಬೀಳುವುದು ಎಲ್ಲಿ?

ಒಂದು ಮೀಟಿಂಗ್ ಇದೆ ಅಂದುಕೊಳ್ಳಿ. ಪ್ರತಿ ಮಂಗಳವಾರ ಬೆಳಿಗ್ಗೆ ಹತ್ತು ಗಂಟೆಗೆ. ಎಂಟು ಜನ, ಅದರಲ್ಲಿ ಮೂವರು ಹೊರಗಿನ ಸಂಸ್ಥೆಯವರು. ಮುಂದಿನ ತಿಂಗಳು ಒಂದು ವಾರ ಮಾತ್ರ ಅದು ಬುಧವಾರಕ್ಕೆ ಹೋಗಿದೆ. ನಾಲ್ವರು ಬರುತ್ತೇವೆ ಎಂದಿದ್ದಾರೆ, ಮೂವರು ಉತ್ತರವನ್ನೇ ಕೊಟ್ಟಿಲ್ಲ, ಒಬ್ಬರು ತಮ್ಮ ಬದಲು ಇನ್ನೊಬ್ಬರನ್ನು ಕಳಿಸುತ್ತಾರಂತೆ. ಕೋಣೆ ಬುಕ್ ಆಗಿದೆ. ವಿಡಿಯೊ ಕಾಲ್ ಲಿಂಕ್ ಸೇರಿಸಿದ್ದಾಗಿದೆ.

ಈಗ ನಿಮ್ಮ ಕಚೇರಿಯವರು ಕ್ಯಾಲೆಂಡರ್ ಸಾಫ್ಟ್‌ವೇರ್ ಬದಲಿಸಲು ಹೊರಟರು. "ಯೋಚನೆ ಬೇಡ, ಎಕ್ಸ್‌ಪೋರ್ಟ್ ಬಟನ್ ಇದೆ" ಅಂತ ಯಾರೋ ಧೈರ್ಯ ಹೇಳುತ್ತಾರೆ. ಇರುವುದು ನಿಜ. ಒತ್ತಿದರೆ ಒಂದು ಫೈಲ್ ಬರುತ್ತದೆ. ಅದನ್ನು ಹೊಸ ಸಾಫ್ಟ್‌ವೇರ್‌ಗೆ ಹಾಕಿದರೆ ಮಂಗಳವಾರ ಹತ್ತು ಗಂಟೆಯ ಜಾಗದಲ್ಲಿ ಬಣ್ಣದ ಪಟ್ಟಿಯೊಂದು ಕಾಣಿಸುತ್ತದೆ. ಆದರೆ ಅದು ಮೀಟಿಂಗ್ ಅಲ್ಲ, ಮೀಟಿಂಗ್‌ನ ಫೋಟೊ. ಅದನ್ನು ಹನ್ನೊಂದಕ್ಕೆ ಎಳೆದು ನೋಡಿ. ಉಳಿದ ಏಳು ಜನರಿಗೆ ಸುದ್ದಿಯೇ ಹೋಗದೆ ಇರಬಹುದು. ಅಥವಾ ಹಳೆಯದರ ಪಕ್ಕದಲ್ಲೇ ಇನ್ನೊಂದು ಹೊಸ ಮೀಟಿಂಗ್ ಹುಟ್ಟಿಕೊಳ್ಳಬಹುದು.

ವೆಂಡರ್ ಲಾಕ್-ಇನ್, ಅಂದರೆ ಸಾಫ್ಟ್‌ವೇರ್ ಮಾರಿದ ಕಂಪನಿಗೇ ಕಟ್ಟುಬೀಳುವ ಬೀಗ, ಅನ್ನುವುದು ಇದನ್ನೇ. ಯಾರೂ ನಿಮ್ಮನ್ನು ಕೂಡಿ ಹಾಕಿಲ್ಲ. ಹೊರಡಬಹುದು, ಆದರೆ ಹೊರಟರೆ ಅರ್ಧ ಸಾಮಾನು ಅಲ್ಲೇ ಬಿಟ್ಟುಹೋಗಬೇಕು. ಹಾಗಾಗಿ ಯಾರೂ ಹೊರಡುವುದಿಲ್ಲ. ಇದಕ್ಕೆ ಮದ್ದು ಓಪನ್ ಸ್ಟ್ಯಾಂಡರ್ಡ್, ಅಂದರೆ ಮುಕ್ತ ಮಾನಕ ಎಂದು ಹೇಳುವುದು ವಾಡಿಕೆ. ಯಾವುದೇ ಒಂದು ಕಂಪನಿಯ ಸ್ವತ್ತಲ್ಲದ, ಯಾರು ಬೇಕಾದರೂ ಓದಿ ಅದರಂತೆ ಸಾಫ್ಟ್‌ವೇರ್ ಬರೆಯಬಹುದಾದ ನಿಯಮಗಳು. ಮಾತು ಸರಿಯೇ. ಆದರೆ ಕ್ಯಾಲೆಂಡರ್‌ಗೆ ಅಂಥ ಮಾನಕ 1998ರಿಂದಲೂ ಇದೆ. ಹೆಚ್ಚುಕಮ್ಮಿ ಎಲ್ಲ ದೊಡ್ಡ ಕಂಪನಿಗಳೂ ಅದನ್ನು ಒಪ್ಪಿಕೊಂಡಿವೆ. ಆದರೂ ಬೀಗ ಉಳಿದಿದೆ. ಅದು ಎಲ್ಲಿ ಉಳಿದಿದೆ ಅನ್ನುವುದೇ ನೋಡಬೇಕಾದ ವಿಷಯ.

ಈಮೇಲ್ ಜೊತೆ ಹೋಲಿಸಿದರೆ ಸ್ವಲ್ಪ ಬೇಗ ಹೊಳೆಯುತ್ತದೆ. ಈಮೇಲ್ ಕಳಿಸಿದ ಮೇಲೆ ಮುಗಿಯಿತು, ಅದು ಬದಲಾಗುವುದಿಲ್ಲ. ಹತ್ತು ವರ್ಷದ ಈಮೇಲನ್ನು ಒಂದು ಕಡೆಯಿಂದ ಇನ್ನೊಂದು ಕಡೆಗೆ ಸಾಗಿಸಿದರೂ ಅದು ಹಾಗೇ ಇರುತ್ತದೆ. ಕ್ಯಾಲೆಂಡರ್‌ನಲ್ಲಿರುವುದು ಪತ್ರವಲ್ಲ, ಒಪ್ಪಂದ. ಎಂಟು ಜನರ ಕ್ಯಾಲೆಂಡರ್‌ನಲ್ಲಿ ಅದರ ಎಂಟು ಪ್ರತಿಗಳಿವೆ. ಎಂಟೂ ಒಂದೇ ಮಾತು ಹೇಳಬೇಕು, ನಾಳೆ ಬದಲಾದರೆ ಎಂಟೂ ಬದಲಾಗಬೇಕು. ಆ ಎಂಟು ಪ್ರತಿಗಳು ಎಂಟು ಬೇರೆ ಸಾಫ್ಟ್‌ವೇರ್‌ಗಳಲ್ಲಿ ಇರಬಹುದು.

1990ರ ದಶಕದಲ್ಲಿ ಹೀಗೆ ಬೇರೆ ಬೇರೆ ಕಡೆ ಇರುವುದು ಸಾಧ್ಯವೇ ಇರಲಿಲ್ಲ. ಲೋಟಸ್ ನೋಟ್ಸ್ 1989ರಲ್ಲಿ ಬಂತು, ಮೈಕ್ರೋಸಾಫ್ಟ್‌ನ ಎಕ್ಸ್‌ಚೇಂಜ್ ಸರ್ವರ್ 1996ರಲ್ಲಿ. ನೊವೆಲ್‌ನವರ ಗ್ರೂಪ್‌ವೈಸ್ ಇತ್ತು. ಮೇಲ್, ಕ್ಯಾಲೆಂಡರ್, ವಿಳಾಸ ಪುಸ್ತಕ, ಮಾಡಬೇಕಾದ ಕೆಲಸಗಳ ಪಟ್ಟಿ, ಎಲ್ಲವನ್ನೂ ಒಂದೇ ಸೂರಿನಡಿ ತರುವ ಇಂಥ ಸಾಫ್ಟ್‌ವೇರ್‌ಗೆ ಗ್ರೂಪ್‌ವೇರ್ ಎಂದು ಹೆಸರು. ಒಂದೊಂದೂ ಒಂದೊಂದು ದ್ವೀಪ. ದ್ವೀಪದ ಒಳಗೆ ಎಲ್ಲ ಚಂದ. ಪಕ್ಕದ ದ್ವೀಪದವರನ್ನು ಮೀಟಿಂಗ್‌ಗೆ ಕರೆಯಬೇಕಾದರೆ ಫೋನ್ ಎತ್ತಬೇಕು.

1996ರಲ್ಲಿ ಆ್ಯಪಲ್, ಎಟಿ ಅಂಡ್ ಟಿ, ಐಬಿಎಂ, ಸೀಮೆನ್ಸ್ ಸೇರಿ ಕಟ್ಟಿದ್ದ ವರ್ಸಿಟ್ ಎಂಬ ಕೂಟ ವಿಕ್ಯಾಲೆಂಡರ್ ಎಂಬ ಫೈಲ್ ರೂಪವನ್ನು ಹೊರತಂದಿತು. ಅದರ ಮೇಲೆ ಇಂಟರ್ನೆಟ್ ಮಾನಕಗಳನ್ನು ರೂಪಿಸುವ ಐಇಟಿಎಫ್ ಕೆಲಸ ಮುಂದುವರಿಸಿತು. 1998ರ ನವೆಂಬರ್‌ನಲ್ಲಿ ಐಕ್ಯಾಲೆಂಡರ್ ಮಾನಕ ಬಂತು, ಆರ್‌ಎಫ್‌ಸಿ 2445 ಎಂಬ ಸಂಖ್ಯೆಯಲ್ಲಿ (ಐಇಟಿಎಫ್ ಪ್ರಕಟಿಸುವ ಕಡತಗಳಿಗೆ ಆರ್‌ಎಫ್‌ಸಿ ಎಂದು ಹೆಸರು). ಬರೆದವರು ಇಬ್ಬರು: ಲೋಟಸ್‌ನ ಫ್ರಾಂಕ್ ಡಾಸನ್, ಮೈಕ್ರೋಸಾಫ್ಟ್‌ನ ಡೆರಿಕ್ ಸ್ಟೆನರ್ಸನ್. ಮಾರುಕಟ್ಟೆಯಲ್ಲಿ ಎದುರಾಳಿಗಳು, ಕಾಗದದ ಮೇಲೆ ಸಹಲೇಖಕರು. ಇದನ್ನೇ ತಿದ್ದಿ 2009ರಲ್ಲಿ ಆರ್‌ಎಫ್‌ಸಿ 5545 ಎಂದು ಹೊರಡಿಸಿದರು. ನಿಮ್ಮ ಮೇಲ್‌ಗೆ ಅಂಟಿಕೊಂಡು ಬರುವ ಐಸಿಎಸ್ ಫೈಲ್ ಇದೇ. ಆ್ಯಪಲ್ 2002ರಲ್ಲಿ ತನ್ನ ಆ್ಯಪ್‌ಗೆ ಐಕ್ಯಾಲ್ ಎಂದೇ ಹೆಸರಿಟ್ಟು, ಮಾನಕ ಯಾವುದು ಆ್ಯಪ್ ಯಾವುದು ಅಂತ ಜನ ಹತ್ತು ವರ್ಷ ಗೊಂದಲಪಡುವಂತೆ ಮಾಡಿತು. ಆಮೇಲೆ ಹೆಸರು ಬದಲಿಸಿದರು ಅನ್ನಿ.

ಆ ಫೈಲನ್ನು ಒಮ್ಮೆ ನೋಟ್‌ಪ್ಯಾಡ್‌ನಂಥ ಸಾದಾ ಎಡಿಟರ್‌ನಲ್ಲಿ ತೆರೆದು ನೋಡಿ. ನಾನು ಮೊದಲ ಸಲ ತೆರೆದಾಗ ಏನೋ ಅರ್ಥವಾಗದ್ದು ಸಿಗುತ್ತದೆ ಅಂದುಕೊಂಡಿದ್ದೆ. ಸಿಕ್ಕಿದ್ದು ಸಾದಾ ಪಠ್ಯ. ಶುರು ಯಾವಾಗ, ಮುಗಿಯುವುದು ಯಾವಾಗ, ಕರೆದವರು ಯಾರು, ಕರೆಸಿಕೊಂಡವರು ಯಾರು, ಒಂದೊಂದಕ್ಕೂ ಒಂದೊಂದು ಸಾಲು. ಅದರಲ್ಲಿ ಎರಡು ಸಾಲುಗಳ ಮೇಲೆ ಕಣ್ಣಿಡಿ. ಒಂದು ಯುಐಡಿ. ಅದು ಈ ಮೀಟಿಂಗ್‌ನ ಗುರುತಿನ ಸಂಖ್ಯೆ, ಜಗತ್ತಿನಲ್ಲಿ ಇನ್ನೊಂದಕ್ಕೆ ಇರಬಾರದು. ಇನ್ನೊಂದು ಸೀಕ್ವೆನ್ಸ್. ಕರೆದವರು ಸಮಯ ಬದಲಿಸುವಂಥ ದೊಡ್ಡ ತಿದ್ದುಪಡಿ ಮಾಡಿದಾಗ ಇದು ಒಂದು ಹೆಚ್ಚುತ್ತದೆ. ನಿಮ್ಮ ಸಾಫ್ಟ್‌ವೇರ್‌ಗೆ ಹೊಸ ಇನ್ವೈಟ್ ಬಂದಾಗ ಅದು ಕೇಳಿಕೊಳ್ಳುವುದು ಇಷ್ಟೇ: ಈ ಗುರುತಿನದು ನನ್ನ ಹತ್ತಿರ ಇದೆಯಾ? ಇದ್ದರೆ ಯಾವುದು ಹೊಸದು?

ಇಡೀ ವ್ಯವಸ್ಥೆ ಈ ಗುರುತಿನ ಮೇಲೆ ನಿಂತಿದೆ. ಆಮದು ಮಾಡುವಾಗ ಸಾಫ್ಟ್‌ವೇರ್ ಹೊಸ ಯುಐಡಿ ಕೊಟ್ಟುಬಿಟ್ಟರೆ ಕಥೆ ಮುಗಿಯಿತು. ಕಣ್ಣಿಗೆ ಮೀಟಿಂಗ್ ಅದೇ, ಆದರೆ ಉಳಿದ ಏಳು ಜನರ ಹತ್ತಿರ ಇರುವ ಪ್ರತಿಗೂ ಇದಕ್ಕೂ ಸಂಬಂಧವಿಲ್ಲ. ಅವರು ಕಳಿಸುವ ಉತ್ತರ ಎಲ್ಲಿಗೆ ಸೇರಬೇಕೆಂದು ಯಾರಿಗೂ ಗೊತ್ತಿಲ್ಲ.

ಮಾನಕ ಒಂದೇ ಇದ್ದರೂ ಓದುವವರು ಬೇರೆ ಬೇರೆ. ಪ್ರತಿ ತಿಂಗಳು 31ನೇ ತಾರೀಕು ಒಂದು ನೆನಪೋಲೆ ಹಾಕಿದ್ದೀರಿ ಅನ್ನಿ. ಮಾನಕದ ಪ್ರಕಾರ 31 ಇಲ್ಲದ ತಿಂಗಳನ್ನು ಬಿಟ್ಟು ಮುಂದೆ ಹೋಗಬೇಕು, ಅಂದರೆ ವರ್ಷಕ್ಕೆ ಏಳು ಸಲ. ಮೈಕ್ರೋಸಾಫ್ಟ್‌ನ ಮೇಲ್-ಕ್ಯಾಲೆಂಡರ್ ಪ್ರೋಗ್ರಾಂ ಔಟ್‌ಲುಕ್ ಮಾತ್ರ ಅಂಥ ತಿಂಗಳಲ್ಲಿ ಕೊನೆಯ ದಿನಕ್ಕೆ ಹಾಕುತ್ತದೆ, ವರ್ಷಕ್ಕೆ ಹನ್ನೆರಡು ಸಲ. ಜನರಿಗೆ ಬೇಕಾಗಿದ್ದದ್ದು ಬಹುಶಃ ಔಟ್‌ಲುಕ್ ಮಾಡುವುದೇ! ಆದರೆ ಒಂದೇ ಮೀಟಿಂಗ್ ಇಬ್ಬರ ಕ್ಯಾಲೆಂಡರ್‌ನಲ್ಲಿ ಎರಡು ಥರ ಕಂಡರೆ ಯಾರು ಸರಿ ಅಂತ ಜಗಳ ಮಾಡಿ ಏನು ಪ್ರಯೋಜನ? "ಇಲ್ಲದ ದಿನವನ್ನು ಹಿಂದಕ್ಕೆ ತಳ್ಳು" ಎಂದು ಬರೆಯುವ ದಾರಿಯನ್ನು ಮಾನಕ 2015ರಲ್ಲಿ ಸೇರಿಸಿಕೊಂಡಿತು. ಅಷ್ಟರಲ್ಲಿ ಎಲ್ಲರೂ ತಮ್ಮ ತಮ್ಮ ಪದ್ಧತಿಗೆ ಒಗ್ಗಿಹೋಗಿದ್ದರು.

ಟೈಮ್ ಝೋನ್ ಇನ್ನೊಂದು ತಲೆನೋವು. ಬಹುಪಾಲು ಜಗತ್ತು ಬಳಸುವ ಪಟ್ಟಿಯಲ್ಲಿ "ಯುರೋಪ್/ಬರ್ಲಿನ್" ಅಂತ ಊರಿನ ಹೆಸರಿದೆ. ವಿಂಡೋಸ್‌ಗೆ ತನ್ನದೇ ಬೇರೆ ಹೆಸರುಗಳಿವೆ. ಎರಡನ್ನೂ ಹೊಂದಿಸಲು ಜಗತ್ತಿನ ಲಿಪಿಗಳಿಗೆ ಸಂಕೇತ ಗೊತ್ತುಪಡಿಸುವ ಯೂನಿಕೋಡ್ ಕೂಟದವರು ಒಂದು ಕೋಷ್ಟಕವನ್ನೇ ಕಾಪಾಡಿಕೊಂಡು ಬರುತ್ತಿದ್ದಾರೆ. ಅದನ್ನು ನೋಡದೆ ಆಮದು ಮಾಡುವ ಸಾಫ್ಟ್‌ವೇರ್‌ನಿಂದ ಮೀಟಿಂಗ್ ಒಂದು ಗಂಟೆ ಆಚೀಚೆ ಆಗುತ್ತದೆ.

ಕನ್ನಡದಂಥ ಲಿಪಿಯಲ್ಲಿ ಬರೆಯುವವರಿಗೆ ಮೀಸಲಾದ ಒಂದು ಕಾಟವೂ ಇದೆ. ಐಕ್ಯಾಲೆಂಡರ್ ಫೈಲಿನ ಒಂದು ಸಾಲು 75 ಬೈಟ್ ಮೀರಬಾರದು, ಮೀರಿದರೆ ಮಡಚಿ ಮುಂದಿನ ಸಾಲಿಗೆ ಹಾಕಬೇಕು. ಇಂಗ್ಲಿಷ್‌ನ ಒಂದು ಅಕ್ಷರ ಒಂದು ಬೈಟ್. ಕನ್ನಡದಲ್ಲಿ ಮೂಲ ಅಕ್ಷರಕ್ಕೆ ಮೂರು ಬೈಟ್, ಅದರ ಸ್ವರಚಿಹ್ನೆಗೆ ಇನ್ನೂ ಮೂರು. ಬೈಟ್ ಮಾತ್ರ ಎಣಿಸಿ ಮಡಚುವ ಸೋಮಾರಿ ಸಾಫ್ಟ್‌ವೇರ್ ಅಕ್ಷರದ ನಡುವೆಯೇ ಕತ್ತರಿ ಹಾಕುತ್ತದೆ. ಆ ಕಡೆಯ ಸಾಫ್ಟ್‌ವೇರ್ ತುಂಡುಗಳನ್ನು ಸರಿಯಾಗಿ ಜೋಡಿಸದಿದ್ದರೆ ಶೀರ್ಷಿಕೆಯ ಮಧ್ಯೆ ಪ್ರಶ್ನೆ ಚಿಹ್ನೆಗಳು ಉದುರುತ್ತವೆ.

ಫೈಲ್, ಅಂಚೆ, ಜೀವಂತ ಸಂಪರ್ಕ

ಇಷ್ಟು ಹೊತ್ತು ಹೇಳಿದ್ದು ಫೈಲ್‌ನ ವಿಚಾರ. "ನಾವು ಓಪನ್ ಸ್ಟ್ಯಾಂಡರ್ಡ್ ಬೆಂಬಲಿಸುತ್ತೇವೆ" ಎಂದು ಕಂಪನಿಯವರು ಹೇಳಿದಾಗ ಎಷ್ಟೋ ಸಲ ಅವರ ಮನಸ್ಸಿನಲ್ಲಿ ಇರುವುದು ಇದಿಷ್ಟೇ. ಆದರೆ ಇದರ ಮೇಲೆ ಇನ್ನೂ ಎರಡು ಪದರಗಳಿವೆ.

ಎರಡನೆಯದು ಅಂಚೆಯಂಥದು. ಇನ್ವೈಟ್ ಕಳಿಸುವುದು, ಒಪ್ಪುವುದು, ಬೇರೆ ಸಮಯ ಕೇಳುವುದು, ರದ್ದು ಮಾಡುವುದು, ಇವಕ್ಕೆಲ್ಲ ನಿಯಮ ಹೇಳುವ ಮಾನಕ ಐಟಿಐಪಿ. ಅದನ್ನು ಈಮೇಲ್ ಮೂಲಕ ಸಾಗಿಸುವುದು ಹೇಗೆಂದು ಹೇಳುವುದು ಐಎಂಐಪಿ. ಎರಡೂ 1998ರಿಂದ ಇವೆ. ಬೇರೆ ಸಂಸ್ಥೆಯವರು ಕಳಿಸಿದ ಇನ್ವೈಟ್ ನಿಮ್ಮ ಮೇಲ್‌ನಲ್ಲಿ ಒಪ್ಪುವ-ನಿರಾಕರಿಸುವ ಬಟನ್ ಸಮೇತ ಕಾಣಿಸುವುದು ಇದರ ಪುಣ್ಯದಿಂದ. ಇಲ್ಲಿ ಪ್ರತಿಯೊಬ್ಬರನ್ನೂ ಗುರುತಿಸುವುದು ಅವರ ಈಮೇಲ್ ವಿಳಾಸದಿಂದ. ಅದಕ್ಕೇ ಸಾಫ್ಟ್‌ವೇರ್ ಬದಲಿಸಿದರೂ ಡೊಮೇನ್ (ವಿಳಾಸದಲ್ಲಿ @ ನಂತರದ ಭಾಗ) ನಿಮ್ಮದೇ ಆಗಿದ್ದು ವಿಳಾಸ ಹಾಗೇ ಉಳಿದರೆ ಅರ್ಧ ಗೆದ್ದಂತೆ. ಸೇವೆ ಕೊಡುವವರದೇ ಡೊಮೇನ್‌ನ ವಿಳಾಸವಾಗಿದ್ದರೆ, ಹೊರಟ ದಿನವೇ ನೀವು ನಿಮ್ಮದೇ ಮೀಟಿಂಗ್‌ಗೆ ಅಪರಿಚಿತರು.

ಮೂರನೆಯದು ಜೀವಂತ ಸಂಪರ್ಕ: ಕ್ಯಾಲ್‌ಡ್ಯಾವ್. 2007ರ ಮಾರ್ಚ್‌ನಲ್ಲಿ ಆರ್‌ಎಫ್‌ಸಿ 4791 ಆಗಿ ಬಂತು. ವೆಬ್‌ನ ಎಚ್‌ಟಿಟಿಪಿಯನ್ನೇ ಸ್ವಲ್ಪ ವಿಸ್ತರಿಸಿದ ವೆಬ್‌ಡ್ಯಾವ್ ಮೇಲೆ ಇದನ್ನು ಕಟ್ಟಿದ್ದಾರೆ. ಸರ್ವರ್‌ನಲ್ಲಿ ಒಂದು ಕ್ಯಾಲೆಂಡರ್ ಅಂದರೆ ಒಂದು ಫೋಲ್ಡರ್, ಒಂದೊಂದು ಮೀಟಿಂಗ್ ಒಂದೊಂದು ಐಕ್ಯಾಲೆಂಡರ್ ಕಡತ. ಯಾವ ಆ್ಯಪ್ ಬೇಕಾದರೂ ಬಂದು ಓದಬಹುದು, ಬರೆಯಬಹುದು. ವಿಳಾಸ ಪುಸ್ತಕಕ್ಕೆ ಇದರ ತಮ್ಮ ಕಾರ್ಡ್‌ಡ್ಯಾವ್ 2011ರಲ್ಲಿ ಬಂತು. ನೆಕ್ಸ್ಟ್‌ಕ್ಲೌಡ್, ಸೋಗೊ, ರಾಡಿಕೇಲ್ ಥರದ ಮುಕ್ತ ಸರ್ವರ್‌ಗಳು ಮಾತಾಡುವುದು ಈ ಭಾಷೆಯನ್ನೇ. ಥಂಡರ್‌ಬರ್ಡ್, ಆ್ಯಪಲ್‌ನ ಕ್ಯಾಲೆಂಡರ್ ಆ್ಯಪ್, ಆಂಡ್ರಾಯ್ಡ್‌ಗೆ ಡ್ಯಾವ್‌ಎಕ್ಸ್5 ಇದನ್ನು ಬಲ್ಲವು. ವಿಂಡೋಸ್‌ನ ಹಳೆಯ ಔಟ್‌ಲುಕ್‌ಗೆ ತಾನಾಗಿ ಬರುವುದಿಲ್ಲ, ಪ್ಲಗಿನ್ ಹಾಕಬೇಕು. ಕಚೇರಿಗಳಲ್ಲಿ ಜಾಸ್ತಿ ಬಳಕೆಯಲ್ಲಿರುವ ಕ್ಯಾಲೆಂಡರ್ ಪ್ರೋಗ್ರಾಂಗಳಲ್ಲಿ ಅದೂ ಒಂದು. ಒಂದು ದೊಡ್ಡ ಬೀಗ ಇಲ್ಲೇ ಸಿಕ್ಕಿತಲ್ವಾ!

ಫೈಲ್ ಮಾನಕಕ್ಕೂ ಈ ಸಂಪರ್ಕ ಮಾನಕಕ್ಕೂ ಇರುವ ವ್ಯತ್ಯಾಸ ನನ್ನ ಪ್ರಕಾರ ತುಂಬ ದೊಡ್ಡದು. ಫೈಲ್ ಇದ್ದರೆ ನೀವು ಒಂದು ದಿನ ಗಂಟುಮೂಟೆ ಕಟ್ಟಿ ಹೊರಡಬಹುದು. ಸಂಪರ್ಕವೇ ಮುಕ್ತವಾಗಿದ್ದರೆ ಹೊರಡುವ ಅಗತ್ಯವೇ ಕಮ್ಮಿ. ನಿಮಗೆ ಇಷ್ಟವಾದ ಆ್ಯಪ್ ನೀವು ಬಳಸಿ, ಪಕ್ಕದವರು ಅವರದ್ದು ಬಳಸಲಿ, ಸರ್ವರ್ ಒಂದೇ ಇರಲಿ. ನಾಳೆ ಸರ್ವರ್ ಬದಲಾದರೆ ಆ್ಯಪ್‌ನಲ್ಲಿ ವಿಳಾಸ, ಪಾಸ್‌ವರ್ಡ್ ಬದಲಿಸಿದರಾಯಿತು.

ಹಾಗಿದ್ದರೂ ಕ್ಯಾಲ್‌ಡ್ಯಾವ್ ಸಂಪೂರ್ಣ ಅಲ್ಲ. ಇನ್ವೈಟ್‌ಗಳನ್ನು ಸರ್ವರ್ ತಾನೇ ನಿಭಾಯಿಸುವ ನಿಯಮ ಅದಕ್ಕೆ ಸೇರಿದ್ದು 2012ರಲ್ಲಿ, ಐದು ವರ್ಷ ತಡವಾಗಿ. ಒಂದು ಕ್ಯಾಲೆಂಡರನ್ನು ಸಹೋದ್ಯೋಗಿಯ ಜೊತೆ ಹಂಚಿಕೊಳ್ಳುವ ವಿಧಾನಕ್ಕೆ ಹಲವು ಸರ್ವರ್‌ಗಳು ಆ್ಯಪಲ್ ಬರೆದ ವಿಸ್ತರಣೆಯನ್ನೇ ಬಳಸುತ್ತವೆ. ಕೋಣೆ ಬುಕ್ ಮಾಡುವಾಗ ಯಾರಿಗೆ ಮೊದಲ ಹಕ್ಕು, ಎಷ್ಟು ದಿನ ಮುಂಚೆ ಮಾಡಬಹುದು, ಮೇಲಧಿಕಾರಿಯ ಪರವಾಗಿ ಯಾರು ಒಪ್ಪಬಹುದು, ಇಂಥ ಕಚೇರಿ ಕಟ್ಟಳೆಗಳು ಒಂದೊಂದು ಸಾಫ್ಟ್‌ವೇರ್‌ನಲ್ಲಿ ಒಂದೊಂದು ರೀತಿ. ಇವು ಯಾವ ಎಕ್ಸ್‌ಪೋರ್ಟ್ ಫೈಲ್‌ನಲ್ಲೂ ಬರುವುದಿಲ್ಲ. ಮತ್ತೆ ಕೂತು ಕೈಯಿಂದಲೇ ಹಾಕಬೇಕು.

ವಿಡಿಯೊ ಕಾಲ್ ಲಿಂಕ್‌ನದ್ದೂ ಇದೇ ಪಾಡು. ಅದನ್ನು ಎಲ್ಲಿ ಬರೆಯಬೇಕು ಅನ್ನುವುದಕ್ಕೆ ಐಕ್ಯಾಲೆಂಡರ್‌ನಲ್ಲಿ ಜಾಗ ಸಿಕ್ಕಿದ್ದು 2016ರಲ್ಲಿ. ಅಷ್ಟರವರೆಗೆ ಕಂಪನಿಗಳು ಸುಮ್ನೆ ಕೂರುತ್ತವೆಯೇ? ಎಕ್ಸ್ ಅಕ್ಷರದಿಂದ ಶುರುವಾಗುವ ಖಾಸಗಿ ಸಾಲುಗಳನ್ನು ಯಾರು ಬೇಕಾದರೂ ಸೇರಿಸಬಹುದು ಎಂದು ಮಾನಕವೇ ಅನುಮತಿ ಕೊಟ್ಟಿದೆ. ಗುರುತು ಸಿಗದ ಸಾಲನ್ನು ಬೇರೆ ಸಾಫ್ಟ್‌ವೇರ್ ಕಡೆಗಣಿಸುತ್ತದೆ. ಮೈಕ್ರೋಸಾಫ್ಟ್‌ಗೆ ಅಂಥವು ಹಲವಿವೆ, ಗೂಗಲ್‌ಗೂ ಇವೆ, ಆ್ಯಪಲ್‌ಗೂ ಇವೆ. ಕೆಟ್ಟ ಉದ್ದೇಶ ಇರಲೇಬೇಕೆಂದಿಲ್ಲ. ಗ್ರಾಹಕರು ಒಂದು ಸೌಲಭ್ಯ ಕೇಳುತ್ತಾರೆ, ಮಾನಕದ ಸಮಿತಿ ಒಪ್ಪುವ ತನಕ ಕಾಯಲು ಆಗುವುದಿಲ್ಲ. ಆದರೆ ಹೀಗೆ ಸೇರಿದ ಒಂದೊಂದು ಸಾಲೂ ಆ ಸಾಫ್ಟ್‌ವೇರ್‌ನ ಹೊರಗೆ ಹೋದಾಗ ಬೆಲೆ ಕಳೆದುಕೊಳ್ಳುತ್ತದೆ. ಬೀಗ ಬೀಳುವುದು ಹೀಗೆ, ಸಾಲು ಸಾಲಾಗಿ.

ಬಾಗಿಲು ಯಾರ ಕೈಯಲ್ಲಿದೆ?

ಓಪನ್ ಸ್ಟ್ಯಾಂಡರ್ಡ್ ಬೇರೆ, ಕಂಪನಿ ಪ್ರಕಟಿಸಿದ ಪ್ರೊಟೊಕಾಲ್, ಅಂದರೆ ಎರಡು ಸಾಫ್ಟ್‌ವೇರ್ ಮಾತಾಡಿಕೊಳ್ಳುವ ನಿಯಮ, ಬೇರೆ. ಇದನ್ನು ಒಂದೇ ಅಂದುಕೊಳ್ಳುವವರು ಜಾಸ್ತಿ. ಯುರೋಪಿಯನ್ ಕಮಿಷನ್ 2004ರಲ್ಲಿ ಮೈಕ್ರೋಸಾಫ್ಟ್‌ಗೆ 49.7 ಕೋಟಿ ಯೂರೊ ದಂಡ ಹಾಕಿತು. ಬೇರೆಯವರ ಸರ್ವರ್‌ಗಳು ವಿಂಡೋಸ್ ಜೊತೆ ಮಾತಾಡಲು ಬೇಕಾದ ವಿವರಗಳನ್ನು ಬಚ್ಚಿಟ್ಟಿದ್ದೂ ಅದಕ್ಕೆ ಒಂದು ಕಾರಣ. 2007ರಲ್ಲಿ ಯುರೋಪಿನ ನ್ಯಾಯಾಲಯವೂ ಆ ತೀರ್ಪನ್ನು ಎತ್ತಿಹಿಡಿಯಿತು. 2008ರಲ್ಲಿ ಕಂಪನಿ ಹಲವು ಪ್ರೊಟೊಕಾಲ್‌ಗಳ ವಿವರವನ್ನು ಹೊರಹಾಕಿತು, ಔಟ್‌ಲುಕ್ ಮತ್ತು ಎಕ್ಸ್‌ಚೇಂಜ್ ನಡುವಿನದ್ದೂ ಸೇರಿ. 2010ರಲ್ಲಿ ಔಟ್‌ಲುಕ್‌ನ ಪಿಎಸ್‌ಟಿ ಫೈಲಿನ (ಮೇಲ್, ಕ್ಯಾಲೆಂಡರ್ ಕೂಡಿಡುವ ಫೈಲ್) ಒಳರಚನೆಯ ವಿವರವೂ ಬಂತು. ಒಳ್ಳೆಯದೇ ಆಯಿತು, ಹೊರಗಿನವರಿಗೆ ಊಹಿಸಿ ಬರೆಯುವ ಕಷ್ಟ ತಪ್ಪಿತು.

ಆದರೆ ಪ್ರಕಟಿಸಿದ್ದನ್ನು ನಿಲ್ಲಿಸುವ ಅಧಿಕಾರ ಪ್ರಕಟಿಸಿದವರದೇ. ಎಕ್ಸ್‌ಚೇಂಜ್ ವೆಬ್ ಸರ್ವೀಸಸ್ ಎಂಬ ಸಂಪರ್ಕ ಮಾರ್ಗವನ್ನು ನಂಬಿ ಎಷ್ಟೋ ಸಾಫ್ಟ್‌ವೇರ್‌ಗಳು ಬೆಳೆದವು. ತನ್ನ ಕ್ಲೌಡ್ ಸೇವೆಯಲ್ಲಿ ಅದನ್ನು 2026ರ ಅಕ್ಟೋಬರ್‌ನಿಂದ ತಡೆಯುವುದಾಗಿ ಮೈಕ್ರೋಸಾಫ್ಟ್ 2023ರಲ್ಲಿ ಘೋಷಿಸಿತು. ಬದಲಿಗೆ ಗ್ರಾಫ್ ಎಂಬ ಇನ್ನೊಂದು ಮಾರ್ಗ ಬಳಸಿ ಅಂದಿತು. ಮೂರು ವರ್ಷ ಮುಂಚೆ ತಿಳಿಸಿದ್ದು ಸೌಜನ್ಯವೇ. ಆದರೂ ಯಾರನ್ನೂ ಕೇಳಬೇಕಾಗಿರಲಿಲ್ಲ.

ಮಾನಕವನ್ನು ಬೆಂಬಲಿಸುವುದನ್ನೂ ಹೀಗೇ ನಿಲ್ಲಿಸಬಹುದು. 2013ರ ಮಾರ್ಚ್‌ನಲ್ಲಿ, ವೆಬ್‌ಸೈಟ್‌ಗಳ ಹೊಸ ಬರಹಗಳನ್ನು ಒಂದೇ ಕಡೆ ಓದಿಸುತ್ತಿದ್ದ ತನ್ನ ರೀಡರ್ ಸೇವೆ ಮುಚ್ಚುವ ಸುದ್ದಿ ಕೊಟ್ಟ ದಿನವೇ, ಕ್ಯಾಲ್‌ಡ್ಯಾವ್ ಇನ್ನು ಮುಂದೆ ಆಯ್ದ ಡೆವಲಪರ್‌ಗಳಿಗೆ ಮಾತ್ರ ಎಂದು ಗೂಗಲ್ ಹೇಳಿತು. ರೀಡರ್ ಗದ್ದಲದಲ್ಲಿ ಈ ಸುದ್ದಿ ಅನೇಕರ ಕಣ್ಣಿಗೆ ಬೀಳಲಿಲ್ಲ. ಗಮನಿಸಿದವರು ಸಾಕಷ್ಟು ತಕರಾರು ಎತ್ತಿದರು. ಜೂನ್‌ನಲ್ಲಿ ಗೂಗಲ್ ಮನಸ್ಸು ಬದಲಿಸಿತು, ಕಾರ್ಡ್‌ಡ್ಯಾವ್ ಅನ್ನೂ ಎಲ್ಲರಿಗೂ ತೆರೆಯಿತು. ಬಾಗಿಲು ಮುಚ್ಚಲಿಲ್ಲ, ಆದರೆ ಅದರ ಚಿಲಕ ಯಾರ ಕೈಯಲ್ಲಿದೆ ಎಂದು ಗೊತ್ತಾಯಿತು.

ಸೋರ್ಸ್ ಕೋಡ್ ಮುಕ್ತವಾಗಿದ್ದರೆ ಈ ತಾಪತ್ರಯ ಇಲ್ಲ ಅನ್ನುವವರೂ ಇದ್ದಾರೆ. ಪೂರ್ತಿ ನಿಜವಲ್ಲ. ತನ್ನದೇ ಡೇಟಾಬೇಸ್, ತನ್ನದೇ ಸಂಪರ್ಕ ಮಾರ್ಗ ಇಟ್ಟುಕೊಂಡ ಓಪನ್ ಸೋರ್ಸ್ ಗ್ರೂಪ್‌ವೇರ್‌ನಿಂದ ಹೊರಬರುವುದೂ ಅಷ್ಟೇ ಕಷ್ಟ. ಕೋಡ್ ಓದಬಹುದು ಅನ್ನುವುದೊಂದೇ ಸಮಾಧಾನ.

ದೊಡ್ಡ ಪ್ರಮಾಣದಲ್ಲಿ ಹೊರಟವರು ಇಲ್ಲದಿಲ್ಲ. ಜರ್ಮನಿಯ ಶ್ಲೆಸ್‌ವಿಗ್-ಹೋಲ್‌ಸ್ಟೈನ್ ರಾಜ್ಯ ಸರ್ಕಾರ ಎಕ್ಸ್‌ಚೇಂಜ್ ಮತ್ತು ಔಟ್‌ಲುಕ್ ಬಿಟ್ಟು ಓಪನ್-ಎಕ್ಸ್‌ಚೇಂಜ್ (ಹೆಸರು ಹೋಲಿದರೂ ಬೇರೆಯವರ ಗ್ರೂಪ್‌ವೇರ್) ಮತ್ತು ಥಂಡರ್‌ಬರ್ಡ್‌ಗೆ ಹೋಯಿತು. 2025ರ ಅಕ್ಟೋಬರ್‌ನಲ್ಲಿ ಕೆಲಸ ಮುಗಿಯಿತೆಂದು ಪ್ರಕಟಿಸಿತು: 40,000ಕ್ಕೂ ಹೆಚ್ಚು ಮೇಲ್‌ಬಾಕ್ಸ್, 10 ಕೋಟಿಗೂ ಮೀರಿದ ಮೇಲ್ ಮತ್ತು ಕ್ಯಾಲೆಂಡರ್ ನಮೂದುಗಳು. ಮ್ಯೂನಿಕ್ ನಗರಾಡಳಿತ ಹಿಂದೆ ಮುಕ್ತ ಸಾಫ್ಟ್‌ವೇರ್‌ನತ್ತ ಹೋಗಿ ಆಮೇಲೆ ವಿಂಡೋಸ್‌ಗೇ ವಾಪಸಾಗಲು ತೀರ್ಮಾನಿಸಿತ್ತು. ಹೊರಡಬಹುದು, ಆದರೆ ಅದು ವಾರಾಂತ್ಯದ ಕೆಲಸವಲ್ಲ.

ಸಾಗಿಸುವಾಗ ಒಂದು ಸಣ್ಣ ಜಾಗ್ರತೆ ಬೇಕು, ಇದನ್ನು ಗೊತ್ತಿಲ್ಲದೆ ಪೆಟ್ಟು ತಿಂದವರಲ್ಲಿ ನಾನೂ ಒಬ್ಬ. ಹಳೆಯ ಮೀಟಿಂಗ್‌ಗಳನ್ನು ಕ್ಯಾಲ್‌ಡ್ಯಾವ್ ಮೂಲಕ ಹೊಸ ಸರ್ವರ್‌ಗೆ ಹಾಕಿದೆ. ಕರೆದವರ ಜಾಗದಲ್ಲಿ ನನ್ನ ವಿಳಾಸ, ಕೆಳಗೆ ಹತ್ತಾರು ಜನರ ಹೆಸರು. ಸರ್ವರ್ ಪಾಪ ಇದೆಲ್ಲ ಹೊಸ ಮೀಟಿಂಗ್ ಅಂದುಕೊಂಡು ಎಲ್ಲರಿಗೂ ಇನ್ವೈಟ್ ಕಳಿಸಿತು. ಎರಡು ವರ್ಷದ ಹಿಂದೆ ಕಂಪನಿ ಬಿಟ್ಟವರಿಗೂ. ಮಾನಕದಲ್ಲಿ ಇದಕ್ಕೆ ಪರಿಹಾರ ಇದೆ: "ಇದನ್ನು ನೀನು ಕಳಿಸಬೇಡ" ಎಂದು ಸರ್ವರ್‌ಗೆ ಹೇಳುವ ಶೆಡ್ಯೂಲ್-ಏಜೆಂಟ್ ಎಂಬ ಸೂಚನೆ. ಅದನ್ನು ಹಾಕದಿದ್ದರೆ ಸರ್ವರ್ ಕಳಿಸುತ್ತದೆ. ಈ ಅವಾಂತರಕ್ಕೆ ಹೆದರಿಯೇ ಎಷ್ಟೋ ಆಮದು ಸಾಫ್ಟ್‌ವೇರ್‌ಗಳು ಪಾಲ್ಗೊಳ್ಳುವವರ ಪಟ್ಟಿಯನ್ನೇ ಕಿತ್ತು ಹಾಕುತ್ತವೆ. ಆಗ ಉಳಿಯುವುದು ಮೊದಲು ಹೇಳಿದ ಫೋಟೊ.

ಹಾಗಾಗಿ ಹೊಸ ಗ್ರೂಪ್‌ವೇರ್ ಕೊಳ್ಳುವ ಮುಂಚೆ "ಐಕ್ಯಾಲೆಂಡರ್ ಬೆಂಬಲ ಇದೆಯಾ" ಎಂದು ಕೇಳುವುದು ದಂಡ, ಇದೆ ಅನ್ನುತ್ತಾರೆ. ಬದಲಿಗೆ ಅರ್ಧ ಗಂಟೆ ಕೂತು ಒಂದು ಪ್ರಯೋಗ ಮಾಡಿ. ಪ್ರತಿ ವಾರದ ಮೀಟಿಂಗ್ ಒಂದನ್ನು ಸೃಷ್ಟಿಸಿ, ಬೇರೆ ಸಾಫ್ಟ್‌ವೇರ್ ಬಳಸುವ ಒಬ್ಬರನ್ನು ಕರೆಯಿರಿ. ಅವರು ಒಪ್ಪಲಿ. ಆಮೇಲೆ ಒಂದು ವಾರದ್ದನ್ನು ಮಾತ್ರ ಬೇರೆ ದಿನಕ್ಕೆ ತಳ್ಳಿ, ಇನ್ನೊಂದು ವಾರದ್ದನ್ನು ಅಳಿಸಿ. ಅವರ ಕಡೆ ಸರಿಯಾಗಿ ಬಂತಾ ನೋಡಿ. ನಂತರ ಅದನ್ನು ಎಕ್ಸ್‌ಪೋರ್ಟ್ ಮಾಡಿ, ಮೂರನೆಯ ಯಾವುದೋ ಸಾಫ್ಟ್‌ವೇರ್‌ಗೆ ಹಾಕಿ, ಅಲ್ಲಿಂದ ಸಮಯ ಬದಲಿಸಿ. ಕರೆಸಿಕೊಂಡವರ ಹತ್ತಿರ ಹಳೆಯ ಮೀಟಿಂಗೇ ಬದಲಾದರೆ ಬಾಗಿಲು ತೆರೆದಿದೆ. ಎರಡು ಮೀಟಿಂಗ್ ಕಾಣಿಸಿದರೆ ಆ ಐಸಿಎಸ್ ಫೈಲನ್ನು ಎಡಿಟರ್‌ನಲ್ಲಿ ತೆರೆದು ಯುಐಡಿ ಹಾಗೇ ಇದೆಯಾ, ಎಕ್ಸ್‌ನಿಂದ ಶುರುವಾಗುವ ಸಾಲು ಎಷ್ಟಿವೆ ಅಂತ ಎಣಿಸಿ ನೋಡಿ.